ಹಾವು ಅಂತ ಬೊಬ್ಬೆ ಹಾಕು

ನಮ್ಮ ಮನೆಯ ಮೆಟ್ಟಿಲ ಮೇಲೆ ವರ್ಷವಿಡೀ ಒಂದು ಜೊತೆ ಗಂಡಸರ ಚಪ್ಪಲಿ ಇರುತ್ತಿತ್ತು. ಅದನ್ನು ಯಾರೂ ಮೆಟ್ಟುತ್ತಿರಲಿಲ್ಲ. ಅಪ್ಪ ಮುಂಬಯಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದರು. ವರ್ಷಕ್ಕೊಮ್ಮೆ ಬಂದು ಇಪ್ಪತ್ತು ದಿನ ಇದ್ದು ಹೋಗುತ್ತಿದ್ದರು, ಹೋಗುವಾಗ ಹಳೆಯ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ಅಮ್ಮ ಪ್ರತಿ ಶನಿವಾರ ಅದರ ಧೂಳು ಒರೆಸಿ, ಈಗಷ್ಟೇ ಯಾರೋ ಕಳಚಿ ಒಳಗೆ ಹೋದರು ಅನ್ನಿಸುವಂತೆ ಒಂದನ್ನು ಸ್ವಲ್ಪ ಓರೆಯಾಗಿ ಇಡುತ್ತಿದ್ದಳು. ಹಿತ್ತಲಿನ ಹಗ್ಗದಲ್ಲಿ ಅಪ್ಪನ ಲುಂಗಿ ಒಗೆಯದೆಯೇ ಒಣಗುತ್ತಿತ್ತು. ನರಿಕೊಂಬಿನಲ್ಲಿ, ಹೊಳೆಯಿಂದ ನಾಲ್ಕು ಗದ್ದೆ ಮೇಲೆ ನಮ್ಮ ಮನೆ. ಇದ್ದವರು ಅಜ್ಜಿ, ಅಮ್ಮ, ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಸುಮತಿ ಅಕ್ಕ, ಮತ್ತು ನಾನು. ನಮ್ಮ ಕಡೆ ಮನೆ ತಾಯಿಯಿಂದ ಮಗಳಿಗೆ ಬರುವಂಥದ್ದು, ಗಂಡಂದಿರು ಬಂದು ಹೋಗುವವರು. ಹೊರಗಿನವರು ಇದನ್ನು ಕೇಳಿ, ಓಹೋ ಹೆಂಗಸರ ರಾಜ್ಯ ಅನ್ನುತ್ತಾರೆ. ಆ ರಾಜ್ಯದಲ್ಲಿ ಮನೆಯ ಜೊತೆ ಮನೆಯ ಹೆದರಿಕೆಗಳೂ ತಾಯಿಯಿಂದ ಮಗಳಿಗೆ ಬರುತ್ತಿದ್ದವು, ಅದನ್ನು ಯಾರೂ ಕೇಳುವುದಿಲ್ಲ.

ಈಗ ನಾನು ಮೂಡುಬಿದಿರೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್. ವರ್ಷಕ್ಕೊಮ್ಮೆ, ಹೊಸ ಮಕ್ಕಳು ಬಂದು ಸೇರಿದ ಮೇಲೆ, ಆತ್ಮರಕ್ಷಣೆ ಕಲಿಸಲು ಒಬ್ಬಳು ಹುಡುಗಿ ಬರುತ್ತಾಳೆ. ಊಟದ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ ಮಕ್ಕಳನ್ನು ಜೋಡಿ ಜೋಡಿಯಾಗಿ ನಿಲ್ಲಿಸುತ್ತಾಳೆ. ಮಣಿಕಟ್ಟು ಹಿಡಿದರೆ ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆಯಬೇಕು, ಹಿಂದಿನಿಂದ ಹಿಡಿದರೆ ಹಿಮ್ಮಡಿಯಿಂದ ಪಾದ ತುಳಿಯಬೇಕು, ಅಂಗೈಯ ಬುಡದಿಂದ ಮೂಗಿಗೆ ಕೊಡಬೇಕು, ಎಲ್ಲಕ್ಕಿಂತ ಮೊದಲು ಹೊಟ್ಟೆಯಿಂದ ಬೊಬ್ಬೆ ಹಾಕಬೇಕು. ಮಕ್ಕಳು ನಗುತ್ತ ನಗುತ್ತಲೇ ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ. ನಾನು ಹಿಂದಿನ ಕುರ್ಚಿಯಲ್ಲಿ ಕುಳಿತು ನೋಡುತ್ತೇನೆ. ಈ ಸಲ ಒಬ್ಬಳು ಚುರುಕು ಹುಡುಗಿ ಬೆವರು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತಳು.

"ಮೇಡಂ, ನಿಮಗೆಲ್ಲ ಇದನ್ನು ಯಾರೂ ಕಲಿಸಲಿಲ್ಲ ಅಲ್ವಾ? ಪಾಪ."

ಪಾಪ ಅಂದದ್ದಕ್ಕೆ ನನಗೆ ಸಿಟ್ಟು ಬಂತು. ಕಲಿಸಿದ್ದರು. ಬೇಕಾದಷ್ಟು ಕಲಿಸಿದ್ದರು. ಊಟ ಬಡಿಸುತ್ತ, ಜಡೆ ಹಾಕುತ್ತ, ಬೀಡಿ ಕಟ್ಟುತ್ತ ಮೂರು ಹೊತ್ತೂ ಕಲಿಸಿದ್ದರು. ಅಷ್ಟು ಕಲಿತವಳು ನಾನು ಕೊನೆಗೆ ಹೇಗೆ ಪಾರಾದೆ, ಪಾರಾದೆನೋ ಇಲ್ಲವೋ ಎಂಬುದು ಮಾತ್ರ ನನಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಆ ಹುಡುಗಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಬರೆದರೆ ನನಗಾದರೂ ತಿಳಿಯುತ್ತದೋ ನೋಡುವ ಅಂತ.

ಅಮ್ಮನ ಪಾಠ ಬಸ್ಸಿನದು. ನಾನು ಮೆಲ್ಕಾರಿಗೆ ನಡೆದು ಹೋಗಿ ಅಲ್ಲಿಂದ ಬಸ್ಸಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದೆ. ಅಮ್ಮನ ಬಳೆಯಲ್ಲಿ ಯಾವಾಗಲೂ ಐದಾರು ಪಿನ್ನುಗಳು ನೇತಾಡುತ್ತಿದ್ದವು. ಅದರಲ್ಲೊಂದು ತೆಗೆದು ಬೆಳಗ್ಗೆ ನನ್ನ ಕೈಗೆ ಕೊಡುತ್ತಿದ್ದಳು. ಡ್ರೈವರನ ಹಿಂದಿನ ಸೀಟು ಹಿಡಿಯಬೇಕು, ಚೀಲವನ್ನು ಎದೆಗೆ ಅಪ್ಪಿಕೊಳ್ಳಬೇಕು, ಯಾರಾದರೂ ಒರಗಿದರೆ ಚುಚ್ಚಬೇಕು. "ಚುಚ್ಚು, ಆದರೆ ಮುಖ ನೋಡಬೇಡ ಆಯ್ತಾ. ಮುಖ ನೋಡಿದರೆ ನಾಳೆ ಪುನಃ ಬರ್ತಾನೆ," ಅನ್ನುತ್ತಿದ್ದಳು. ನಾನು ಎರಡು ಸಲ ಚುಚ್ಚಿದ್ದೇನೆ. ಒಂದು ಸಲ ಸರಿಯಾದವನಿಗೆ. ಇನ್ನೊಂದು ಸಲ ಮುಖ ನೋಡದೆ ಚುಚ್ಚಿದ್ದರಿಂದ ಪಾಣೆಮಂಗಳೂರಿನಲ್ಲಿ ಇಳಿಯಲು ಮುಂದೆ ಬರುತ್ತಿದ್ದ ಒಬ್ಬ ಮುದುಕರಿಗೆ ತಾಗಿತು, ಅವರು ಅಯ್ಯೋ ಅಮ್ಮಾ ಅಂತ ಕೂಗಿದ್ದು ಇನ್ನೂ ಕೇಳುತ್ತದೆ. ಆ ಮುದುಕರಲ್ಲಿ ಕ್ಷಮೆ ಕೇಳಬೇಕೆಂದು ಎಷ್ಟೋ ದಿನ ಅದೇ ಬಸ್ಸಿನಲ್ಲಿ ಹುಡುಕಿದ್ದೆ.

ಅಜ್ಜಿಯ ಪಾಠ ಗುಡ್ಡೆಯ ದಾರಿಯದು. ಮೆಲ್ಕಾರಿನಿಂದ ಬರುವಾಗ ಗೇರುಮರಗಳ ನಡುವೆ ಅರ್ಧ ಮೈಲಿ ಜನವಿಲ್ಲದ ದಾರಿ ಇತ್ತು. ಹಿಂದೆ ಯಾರಾದರೂ ಬಂದರೆ ಓಡಬಾರದು, ತಿರುಗಿ ನೋಡಬಾರದು, ಮುಂದೆ ಅಣ್ಣ ಹೋಗುತ್ತಿದ್ದಾನೆ ಅನ್ನುವಂತೆ "ವಾಸಣ್ಣಾ, ನಿಲ್ಲು ಮಾರಾಯ, ನಾನೂ ಬಂದೆ" ಅಂತ ಗಟ್ಟಿಯಾಗಿ ಕರೆಯಬೇಕು. ನನಗೆ ಅಣ್ಣನಿರಲಿಲ್ಲ. ವಾಸಣ್ಣ ಅಜ್ಜಿ ಹುಟ್ಟಿಸಿದ ಅಣ್ಣ. ಅವನನ್ನು ಕರೆದು ಕರೆದು ಮನೆಯಲ್ಲಿ ಅವನೂ ಒಬ್ಬನಾಗಿಬಿಟ್ಟಿದ್ದ. ಭೂತಾಯಿ ಮೀನಿನ ಪುಳಿಮುಂಚಿ ಸಾರು ಆದ ದಿನ ಅಕ್ಕ, "ವಾಸಣ್ಣನಿಗೆ ತೆಗೆದಿಟ್ಟಿದ್ದೀರಾ?" ಅನ್ನುತ್ತಿದ್ದಳು. ಅಜ್ಜಿ ನಗದೆ, "ಅವನು ಪಾಣೆಮಂಗಳೂರಲ್ಲಿ ಉಂಡು ಬರ್ತಾನೆ," ಅನ್ನುತ್ತಿದ್ದಳು. ಅಕ್ಕ ಆಗ ಎಷ್ಟು ನಗುತ್ತಿದ್ದಳು ಎಂದರೆ ಗಂಜಿ ನೆತ್ತಿಗೇರುತ್ತಿತ್ತು. ಅಂಥ ನಗು ಇದ್ದ ಅಕ್ಕ ಅವಳು.

ಮೂರನೆಯ ಗುರು ಐಸಮ್ಮ. ನಮ್ಮ ಗದ್ದೆಯಾಚೆಗಿನ ಬ್ಯಾರಿಗಳ ಮನೆಯವಳು, ಗಂಡ ಗಲ್ಫಿನಲ್ಲಿ. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಜಗಲಿಯಲ್ಲಿ ಐದು ಹೆಂಗಸರು ಬೀಡಿ ಕಟ್ಟಲು ಕೂರುತ್ತಿದ್ದರು, ಅವರಲ್ಲಿ ಐಸಮ್ಮನದ್ದೇ ದೊಡ್ಡ ಬಾಯಿ. ಮೊರ ತೊಡೆಯ ಮೇಲೆ, ಕೈಯಲ್ಲಿ ಕತ್ತರಿ, ಬಾಯಲ್ಲಿ ಊರಿನ ಸುದ್ದಿ. ಅರ್ಧ ಸುಳ್ಳೇ ಇರುತ್ತಿತ್ತು. ಅವಳಿಗೆ ಪಿನ್ನಿನಲ್ಲೂ ವಾಸಣ್ಣನಲ್ಲೂ ನಂಬಿಕೆಯಿರಲಿಲ್ಲ. ಮೊಣಕೈ ಅನ್ನುವುದು ಅಡುಗೆ ಮಾಡಲಿಕ್ಕೆ ಕೊಟ್ಟದ್ದಲ್ಲ, ಹಿಂದೆ ನಿಂತವನ ಹೊಟ್ಟೆಗೆ ಕೊಟ್ಟದ್ದು ಅಂತ ಅವಳ ವಾದ. ಹೊಟ್ಟೆ ಎಲ್ಲಿ ಸಿಗುತ್ತದೆ ಅಂತ ನನ್ನನ್ನು ಹಿಂದೆ ನಿಲ್ಲಿಸಿ ತೋರಿಸಿದ್ದಳು, ನನಗೆ ಅರ್ಧ ಗಂಟೆ ಉಸಿರು ಸರಿಯಾಗಿರಲಿಲ್ಲ. ಅಮ್ಮ ಅವಳಿಗೆ ಬೈದಳು, ಅವಳು ನಕ್ಕಳು. ಒಟ್ಟಿನಲ್ಲಿ ಹದಿನಾಲ್ಕು ತುಂಬುವಾಗ ನಾನು ಎಲ್ಲವನ್ನೂ ಕಲಿತಿದ್ದೆ. ಎಲ್ಲ ಪಾಠಗಳಲ್ಲೂ ಬರುವವನು ಗುರುತಿಲ್ಲದವನು, ಹಿಂದಿನಿಂದ ಬರುವವನು, ಮನೆಯ ಹೊರಗಿನವನು.

ಬಾವ ಮುಂದಿನ ಬಾಗಿಲಿನಿಂದ ಬಂದರು. ಹಿಂದಿನ ವರ್ಷ ಮದುವೆಯಾಗಿದ್ದ ಸುಮತಿ ಅಕ್ಕನ ಗಂಡ. ಅವರನ್ನು ಈಗಲೂ ಬಹುವಚನದಲ್ಲೇ ಬರೆಯುತ್ತಿದ್ದೇನೆ, ಕೈ ಬೇರೆ ರೀತಿಗೆ ಒಗ್ಗುವುದಿಲ್ಲ. ಬೆಳ್ತಂಗಡಿ ಹತ್ತಿರದ ಗುರುವಾಯನಕೆರೆಯಲ್ಲಿ ಅವರಿಗೆ ಫ್ಯಾನು, ಮಿಕ್ಸಿ ಮಾರುವ ಅಂಗಡಿ ಇತ್ತು, ಅಲ್ಲೇ ಹತ್ತಿರ ತಾಯಿಯೊಡನೆ ಮನೆ. ಅಕ್ಕ ಬಸುರಿಯಾಗಿ ವಾಂತಿ ಹೆಚ್ಚಾದಾಗ ಕೆಲವು ವಾರಕ್ಕೆಂದು ನಮ್ಮಲ್ಲಿಗೆ ಬಂದಳು. ಬಾವ ಶನಿವಾರ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದರು. ಅವರು ಬರುವ ದಿನ ಅಜ್ಜಿ ಕೋಳಿ ಮಾಡಿಸುತ್ತಿದ್ದಳು, ಅಮ್ಮ ರೊಟ್ಟಿ ತರಿಸುತ್ತಿದ್ದಳು. ಮೊದಲ ಶನಿವಾರವೇ ಅವರು ತಮ್ಮ ಬೂಟು ಕಳಚಿ, ಮೆಟ್ಟಿಲ ಮೇಲಿದ್ದ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಹೋದರು. ಅಮ್ಮನಿಗೆ ಎಷ್ಟು ಸಂತೋಷವಾಯಿತು! ಇನ್ನು ಸುಳ್ಳು ಹೇಳಬೇಕಾಗಿಲ್ಲ, ಮನೆಯಲ್ಲಿ ಗಂಡಸು ಉಂಟು ಅಂತ ಐಸಮ್ಮನ ಹತ್ತಿರ ಹೇಳಿಕೊಂಡಳು.

ನಮ್ಮಲ್ಲಿ ಬಾವನಿಗೆ ಹೆಂಡತಿಯ ತಂಗಿಯನ್ನು ತಮಾಷೆ ಮಾಡುವ ಹಕ್ಕು ಉಂಟು. ಹಕ್ಕು ಏನು, ಮಾಡದಿದ್ದರೆ ಬಾವನಿಗೆ ಬಿಗುಮಾನ ಜಾಸ್ತಿ ಅನ್ನುತ್ತಾರೆ. ಚಪ್ಪಲಿ ಅಡಗಿಸುವುದು, ಜಡೆ ಎಳೆಯುವುದು, ಇವಳನ್ನೂ ನಾನೇ ಕಟ್ಟಿಕೊಳ್ತೇನೆ ಅನ್ನುವುದು. ತಂಗಿ ಕಿರುಚಬೇಕು, ಮನೆಯವರು ನಗಬೇಕು. ಇದು ಆಟದ ನಿಯಮ. ಬಾವ ನನ್ನ ಚೀಲದಲ್ಲಿ ಜೀವಂತ ಏಡಿ ಹಾಕಿದ್ದರು, ನಾನೂ ಅವರ ಚಹಾಕ್ಕೆ ಉಪ್ಪು ಹಾಕಿದ್ದೆ. ನನಗೂ ಆ ಆಟ ಇಷ್ಟವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಗಂಡುಧ್ವನಿ ಇಲ್ಲದ ಮನೆಯಲ್ಲಿ ಒಬ್ಬರು ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಅನ್ನಿಸುತ್ತಿತ್ತು. ಎಂದಿನಿಂದ ಅದು ಆಟವಾಗಿ ಉಳಿಯಲಿಲ್ಲ ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಜಡೆ ಎಳೆಯುವ ಕೈ ಭುಜದ ಮೇಲೆ ಸ್ವಲ್ಪ ಹೊತ್ತು ಉಳಿಯಿತು. ಮರುವಾರ ಇನ್ನೂ ಸ್ವಲ್ಪ ಹೊತ್ತು. ಅಡುಗೆಮನೆಯ ಬಾಗಿಲು ಇಬ್ಬರಿಗೆ ಸಾಕಷ್ಟು ಅಗಲವಿದ್ದರೂ ಅವರಿಗೆ ಒತ್ತಿಕೊಂಡೇ ದಾಟಬೇಕಾಗುತ್ತಿತ್ತು. ನನಗೆ ಅಸಹ್ಯವಾಗುತ್ತಿತ್ತು, ಹಿಂದೆಯೇ ನನ್ನ ಮನಸ್ಸೇ ಕೆಟ್ಟದ್ದು ಅಂತ ನಾಚಿಕೆಯಾಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಜಗಲಿಯಲ್ಲಿ ಐವರೂ ಬೀಡಿ ಕಟ್ಟುತ್ತಿದ್ದಾಗ ನಾನು ಅಂಚಿನಲ್ಲಿ ಕುಳಿತು ಎಲೆ ಒರೆಸಿ ಕೊಡುತ್ತಿದ್ದೆ. ಬಾವ ಒಳಗಿನಿಂದ ಬಂದು ನನ್ನ ಹಿಂದೆ ಬಗ್ಗಿದರು, ಅವರ ಕೈ ಸೊಂಟದ ಸುತ್ತ ಬಂದು ಗಟ್ಟಿಯಾಗಿ ಹಿಸುಕಿತು. ನಾನು ಮೊರ ಚೆಲ್ಲಿ ಎದ್ದು ಬೊಬ್ಬೆ ಹಾಕಿದೆ. ಹೊಟ್ಟೆಯಿಂದಲೇ ಹಾಕಿದ್ದೆ, ಈಗಿನ ಹುಡುಗಿ ಕಲಿಸುವ ಹಾಗೆಯೇ. ಎಲ್ಲರೂ ನಕ್ಕರು. ಅಮ್ಮ ನಕ್ಕಳು, ಅಜ್ಜಿ ಒಳಗಿನಿಂದ ನಕ್ಕಳು, ಐಸಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಕೈಯಲ್ಲಿ ಕತ್ತರಿ ಹಿಡಿದ ಐದು ಹೆಂಗಸರು ನನ್ನ ಬೊಬ್ಬೆ ಕೇಳಿ ನಕ್ಕರು.

"ಬಾವ ಅಲ್ವಾ ಮಾರಾಯ್ತಿ," ಅಮ್ಮ ಅಂದಳು. "ಇಷ್ಟು ದೊಡ್ಡ ಬೊಬ್ಬೆಯಾ? ಹೊಳೆಯ ಆಚೆಗೆ ಕೇಳಿರಬೇಕು."

ಬಾವನೂ ನಕ್ಕು, ಚೆಲ್ಲಿದ ಎಲೆಗಳನ್ನು ಹೆಕ್ಕಿ ಕೊಟ್ಟರು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು, ಅವಳು ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ. ನೋಡಬೇಕಿತ್ತು. ಎರಡು ದಿನ ಕಳೆದು ಶಾಲೆಗೆ ರಜೆ ಇತ್ತು, ಬೇರೆಯವರು ಇನ್ನೂ ಬಂದಿರಲಿಲ್ಲ, ಐಸಮ್ಮ ಒಬ್ಬಳೇ ಎಲೆ ಕತ್ತರಿಸುತ್ತಿದ್ದಳು. ನಾನು ಯಾರಿಗೋ ಆದ ಕತೆಯಂತೆ ಅವಳನ್ನು ಕೇಳಿದೆ.

"ಐಸಮ್ಮ, ಬೊಬ್ಬೆ ಹಾಕಿದರೆ ಜನ ನಗಾಡಿದರೆ ಎಂತ ಮಾಡುವುದು?"

ಅವಳು ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಎಲೆಯನ್ನೇ ನೋಡುತ್ತ ಹೇಳಿದಳು.

"ಹಾವು ಅಂತ ಬೊಬ್ಬೆ ಹಾಕು. ಹಾವಿಗೆ ಯಾರೂ ನಗಾಡುವುದಿಲ್ಲ. ಓಡಿ ಬರ್ತಾರೆ."

ಅವಳಿಗೆ ಅರ್ಥವಾಗಿತ್ತೇ? ಅರ್ಥವಾಗಿದ್ದರೆ ಅಮ್ಮನಿಗೆ ಯಾಕೆ ಹೇಳಲಿಲ್ಲ? ಇನ್ನೊಬ್ಬರ ಮನೆಯ ಅಳಿಯನ ವಿಷಯಕ್ಕೆ ಬಾಯಿ ಹಾಕಿದರೆ ನಾಳೆ ಈ ಜಗಲಿ ಇರುವುದಿಲ್ಲ ಅಂತ ಯೋಚಿಸಿದಳೇ? ಊರಿನ ಸುದ್ದಿಯೆಲ್ಲ ಹೇಳುವ ಬಾಯಿ ಅದೊಂದನ್ನು ಹೇಳಲಿಲ್ಲ. ಅವಳು ತೀರಿಹೋಗುವವರೆಗೂ ನಾನು ಕೇಳಲಿಲ್ಲ, ಅವಳ ಮೇಲೆ ನನಗಿರುವುದು ಪ್ರೀತಿಯೋ ದೂರೋ ಇನ್ನೂ ತೀರ್ಮಾನವಾಗಿಲ್ಲ.

ಅದೇ ವಾರ ಮನೆಯಲ್ಲಿ ಒಂದು ನಿರ್ಧಾರವಾಯಿತು. ಅಕ್ಕನ ವಾಂತಿ ಕಡಿಮೆಯಾಗಿತ್ತು, ಇನ್ನು ಏಳನೆಯ ತಿಂಗಳ ಸೀಮಂತದವರೆಗೆ ಅವಳು ಗಂಡನ ಮನೆಯಲ್ಲಿರಬೇಕು. ಬಾವನ ತಾಯಿಗೆ ಮಂಡಿನೋವು, ಬಸುರಿಯ ಕೈಗೆ ಒಬ್ಬಳು ಬೇಕು. ನಾನು ಜೊತೆಗೆ ಹೋಗುವುದು, ಅಲ್ಲಿಯೇ ಶಾಲೆಗೆ ಸೇರುವುದು. ಗುರುವಾಯನಕೆರೆಯಲ್ಲಿ ಶಾಲೆ ಮನೆಯ ಎದುರಿಗೇ ಉಂಟಂತೆ. ಬಸ್ಸೂ ಇಲ್ಲ, ಗುಡ್ಡೆಯ ದಾರಿಯೂ ಇಲ್ಲ.

"ನನಗೆ ಇನ್ನು ನಿಶ್ಚಿಂತೆ," ಅಂದಳು ಅಮ್ಮ. "ಈ ಹುಡುಗಿ ಮನೆಗೆ ಬರುವವರೆಗೆ ನನ್ನ ಜೀವ ಕೈಯಲ್ಲಿ ಇರ್ತದೆ. ಅಲ್ಲಾದರೆ ಬಾವ ಉಂಟು, ನೋಡಿಕೊಳ್ತಾರೆ."

"ನಾನು ಹೋಗುವುದಿಲ್ಲ."

"ಯಾಕೆ?"

ಯಾಕೆ ಎಂದು ಹೇಗೆ ಹೇಳುವುದು? ಬಾವನ ಕೈ ಅಂದರೆ ಕೈಗೆ ಏನಾಯಿತು ಅನ್ನುತ್ತಾರೆ. ತಮಾಷೆ ಅಂದರೆ ನಗುತ್ತಾರೆ. ಅಕ್ಕನ ಹೊಟ್ಟೆಯಲ್ಲಿ ಮಗು. ನಾನು ಮಾತಾಡಿ ಅಕ್ಕನ ಬದುಕು ಕೆಟ್ಟರೆ ಆ ಮಗುವಿಗೆ ನಾನು ಯಾರಾಗಬೇಕು? ಗಣಿತದ ಟೀಚರು ಇಲ್ಲಿ ಒಳ್ಳೆಯವರು ಅಂತೇನೋ ಹೇಳಿದೆ. ಅಮ್ಮ, ಗಣಿತ ಎಲ್ಲ ಕಡೆ ಒಂದೇ ಅಂದಳು.

ಹೊರಡಲು ಒಂಬತ್ತು ದಿನ ಇರುವಾಗ, ಶನಿವಾರ ಸಂಜೆ ನಾಲ್ಕರ ಹೊತ್ತಿಗೆ, ಬಚ್ಚಲ ಒಲೆಗೆ ಒಣಗಿದ ತೆಂಗಿನ ಮಡಲು ತರಲು ಸೌದೆ ಕೊಟ್ಟಿಗೆಗೆ ಹೋಗಿದ್ದೆ. ಬಗ್ಗಿ ಎದ್ದಾಗ ಬಾಗಿಲಲ್ಲಿ ಬಾವ ನಿಂತಿದ್ದರು. ನಗುತ್ತಿದ್ದರು, ಆದರೆ ನಗುವುದಕ್ಕೆ ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ.

"ಎಂತ ಇಷ್ಟು ಹೆದರುವುದು? ಇನ್ನು ನಮ್ಮ ಮನೆಯಲ್ಲೇ ಅಲ್ವಾ ಇರುವುದು ನೀನು."

ಮಣಿಕಟ್ಟು ಹಿಡಿದು ಗೋಡೆಗೆ ಒತ್ತಿದರು. ಬಳೆಗೆ ಸಿಕ್ಕಿಸಿಕೊಂಡ ಪಿನ್ನು ಇದ್ದದ್ದು ಆ ಕೈಯಲ್ಲೇ. ಮೊಣಕೈ ಹಿಂದಕ್ಕೆ ಹೋಗುತ್ತದೆ, ಅವರು ಮುಂದಿದ್ದರು. ವಾಸಣ್ಣನನ್ನು ಕರೆಯುವುದಾದರೂ ಯಾರ ಮುಂದೆ, ವಾಸಣ್ಣ ಸುಳ್ಳು ಎಂದು ನಗಾಡಿದವರಲ್ಲಿ ಅವರೂ ಒಬ್ಬರು. ಅವರ ಇನ್ನೊಂದು ಕೈ ನನ್ನ ಬಾಯಿಗೆ ಬರುವ ಮೊದಲು ನಾನು ಕಣ್ಣು ಮುಚ್ಚಿ ಹಾವು, ಹಾವು ಅಂತ ಬೊಬ್ಬೆ ಹಾಕಿದೆ. ಮೊದಲು ಹಾರಿದವರು ಬಾವ. ನನ್ನ ಕೈ ಬಿಟ್ಟು, ಕಾಲು ಎತ್ತಿ, ಸೌದೆ ರಾಶಿಯ ಮೇಲೆ ಹತ್ತಿ ನಿಂತು "ಎಲ್ಲಿ? ಎಲ್ಲಿ?" ಅಂತ ತಮ್ಮ ಪಾದ ನೋಡಿಕೊಳ್ಳುತ್ತಿದ್ದರು. ಈಗ ಬರೆಯುವಾಗ ನಗು ಬರುತ್ತದೆ. ಆಗ ನಾನು ಅಲ್ಲೇ ಕುಳಿತುಬಿಟ್ಟೆ.

ಐಸಮ್ಮ ಹೇಳಿದ್ದು ಸರಿಯಾಗಿತ್ತು, ಓಡಿ ಬಂದರು. ಅಮ್ಮ ಕತ್ತಿ ಹಿಡಿದು, ಅಜ್ಜಿ ಕೋಲು ಹಿಡಿದು, ಅಕ್ಕ ಹೊಟ್ಟೆಗೆ ಕೈ ಕೊಟ್ಟುಕೊಂಡು. ಅಕ್ಕನನ್ನು ಅಲ್ಲಿಂದಲೇ ಹಿಂದಕ್ಕೆ ಕಳುಹಿಸಿದರು. ಐಸಮ್ಮ ಹೇಳದೆ ಬಿಟ್ಟದ್ದು ಬಂದ ಮೇಲೆ ಏನು ಮಾಡಬೇಕು ಎಂಬುದನ್ನು. ಅಜ್ಜಿ ನನ್ನ ಮುಂದೆ ಕುಳಿತು ತಗ್ಗಿದ ಧ್ವನಿಯಲ್ಲಿ ಕೇಳಿದಳು.

"ಹೆಡೆ ಇತ್ತಾ ಮಗಾ?"

ಇಲ್ಲ, ಕೇರೆ ಹಾವು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾವ ಸೌದೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಕೇರೆ ಹಾವಾದರೆ ಎಲ್ಲರೂ ಒಳಗೆ ಹೋಗುತ್ತಾರೆ, ನಾನು ಮತ್ತು ಅವರು ಉಳಿಯುತ್ತೇವೆ ಅಂತ ಅನ್ನಿಸಿ ನಾನು ಹೂಂ ಅಂತ ತಲೆಯಾಡಿಸಿದೆ. ಅಜ್ಜಿ ಕೋಲು ಬಿಸಾಡಿ ಕೈ ಮುಗಿದಳು. ನಮ್ಮ ಊರಿನಲ್ಲಿ ಹೆಡೆ ಇರುವುದು ಹಾವಲ್ಲ, ನಾಗ. ಬಸುರಿ ಇರುವ ಮನೆಯ ಸೌದೆ ಕೊಟ್ಟಿಗೆಗೆ ನಾಗ ಬಂದಿದ್ದಾನೆ ಅಂದರೆ ಏನೋ ತಪ್ಪಾಗಿದೆ. ಅಕ್ಕ ಹೊರಡುವ ಮುಂಚೆ ನಾಗಬನದಲ್ಲಿ ತಂಬಿಲದ ಪೂಜೆ ಆಗಬೇಕು, ಹಾಲು, ಎಳನೀರು, ಅರಸಿನ ಒಪ್ಪಿಸಿ ತಪ್ಪು ಕೇಳಿಕೊಳ್ಳಬೇಕು. ಮುಂದಿನ ಭಾನುವಾರಕ್ಕೆ ಅಂತ ಅಲ್ಲೇ ನಿಂತು ನಿರ್ಧಾರವಾಯಿತು.

"ನಾನು ಪಕ್ಕದಲ್ಲೇ ಇದ್ದದ್ದು ಒಳ್ಳೆಯದಾಯಿತು," ಅಂದರು ಬಾವ, ಇಳಿದು ಬರುತ್ತ. "ಇಲ್ಲದಿದ್ದರೆ ಹುಡುಗಿಯ ಗತಿ?"

ಅಮ್ಮ ಅವರಿಗೆ ಕೈ ಮುಗಿದಳು. ನನ್ನ ಅಮ್ಮ ಅವರಿಗೆ ಕೈ ಮುಗಿದದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆ ವಾರವಿಡೀ ನನಗೆ ಜ್ವರ. ಅಜ್ಜಿಗೆ ಅದು ಇನ್ನೊಂದು ಪುರಾವೆಯಾಯಿತು, ನಾಗನ ನೆರಳು ಬಿದ್ದದ್ದು ಅಂತ ಹಣೆಗೆ ಅರಸಿನ ಹಚ್ಚಿದಳು. ಐಸಮ್ಮ ಬಂದು ಹಾಸಿಗೆಯ ಪಕ್ಕ ಕುಳಿತು, ನಿಜವಾಗಿ ಹಾವಾ ಅಂತ ಒಮ್ಮೆ ಕೇಳಿದಳು. ಹೌದು ಅಂದೆ. ಹಾಂ ಅಂದು ಎದ್ದು ಹೋದಳು. ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು, ನನಗೋ ಯಾವುದು ದೊಡ್ಡ ಪಾಪ ಎಂಬುದೇ ತಿಳಿಯುತ್ತಿರಲಿಲ್ಲ. ಬಾವ ಮಾಡಿದ್ದೋ, ನಾನು ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದೋ? ನನ್ನ ಬಟ್ಟೆಗಳನ್ನು ಅಮ್ಮ ಆಗಲೇ ಅಕ್ಕನ ಪೆಟ್ಟಿಗೆಯಲ್ಲಿ ಮಡಚಿ ಇಡುತ್ತಿದ್ದಳು.

ಬನ ನಮ್ಮ ಗುಡ್ಡೆಯ ಇಳಿಜಾರಿನಲ್ಲಿ, ನಾಲ್ಕು ಹಳೆಯ ಮರಗಳ ಬುಡದಲ್ಲಿ ಮೂರು ನಾಗನ ಕಲ್ಲು. ಬಸುರಿ ಅಲ್ಲಿಗೆ ಬರಬಾರದೆಂದು ಅಕ್ಕ ಮನೆಯಲ್ಲೇ ಉಳಿದಳು. ಅಜ್ಜಿ, ಅಮ್ಮ, ನಾನು, ಎಳನೀರಿನ ಗೊನೆ ಹೊತ್ತ ಬಾವ. ಪೂಜೆಗೆ ಬಂದ ವಯಸ್ಸಾದ ಭಟ್ಟರು ಕಲ್ಲಿಗೆ ಅರಸಿನ ಹಚ್ಚಿ, ಅಡಿಕೆಯ ಹಿಂಗಾರ ಇಟ್ಟು, ಅರಿಕೆ ಮಾಡಿಸಲು ಎದ್ದು ನಿಂತರು. ಅರಿಕೆಯೆಂದರೆ ಯಾಕೆ ಬಂದಿದ್ದೇವೆ ಎಂದು ನಾಗನಿಗೆ ಬಾಯಿಬಿಟ್ಟು ಹೇಳುವುದು. ಯಾವಾಗಲೂ ಮನೆಯ ಹಿರಿಯರು ಹೇಳುತ್ತಾರೆ. ಭಟ್ಟರು ಅಜ್ಜಿಯನ್ನು ತಡೆದರು.

"ಕಂಡದ್ದು ಈ ಮಗು ಅಲ್ವಾ? ಇವಳೇ ಹೇಳಲಿ. ಎಲ್ಲಿ ಕಂಡದ್ದು, ಹೇಗೆ ಕಂಡದ್ದು, ಇದ್ದ ಹಾಗೆ ಹೇಳು ಮಗೂ. ಇಲ್ಲಿ ಸುಳ್ಳು ನಡೆಯುವುದಿಲ್ಲ."

ನಾಗನ ಮುಂದೆ ಸುಳ್ಳು ಹೇಳಿದರೆ ಕಣ್ಣು ಹೋಗುತ್ತದೆ, ಮೈ ಚರ್ಮ ಎದ್ದು ಬರುತ್ತದೆ ಅಂತ ಹುಟ್ಟಿದಾಗಿನಿಂದ ಕೇಳಿದ್ದೆ. ಮುಂದೆ ಯಾರಾದರೂ ನನ್ನನ್ನು ಧೈರ್ಯವಂತೆ ಎಂದರೆ ಅದು ತಪ್ಪು. ಬಾವನ ಹೆದರಿಕೆಗಿಂತ ನಾಗನ ಹೆದರಿಕೆ ದೊಡ್ಡದಾಗಿತ್ತು, ಅಷ್ಟೇ. ನಾನು ಕಲ್ಲನ್ನೇ ನೋಡುತ್ತ ಹೇಳಿದೆ.

"ನಾನು ಹಾವು ನೋಡಿದ್ದಿಲ್ಲ. ಬಾವ ನನ್ನನ್ನು ಹಿಡಿದದ್ದು. ಗೋಡೆಗೆ ಒತ್ತಿ ಹಿಡಿದದ್ದು. ಬಿಡಬೇಕಂತ ಹಾವು ಅಂತ ಹೇಳಿದ್ದು. ಮೊದಲೂ ಹಿಡಿದಿದ್ದರು. ನನಗೆ ಗುರುವಾಯನಕೆರೆಗೆ ಹೋಗಲಿಕ್ಕೆ ಹೆದರಿಕೆ ಆಗ್ತದೆ."

"ಎಂತ ಹೇಳ್ತಾಳೆ ಇವಳು!" ಬಾವ ನಕ್ಕರು. "ತಮಾಷೆ ಮಾಡಿದ್ದಪ್ಪ. ಬಾವ ಅಂತ ಆದ ಮೇಲೆ..."

ಯಾರೂ ನಗಲಿಲ್ಲ. ಅಮ್ಮ ನನ್ನನ್ನು ನೋಡಿದಳು, ಬಾವನನ್ನು ನೋಡಿದಳು, ನೆಲ ನೋಡಿದಳು. ಅಜ್ಜಿ ಮುಗಿದ ಕೈ ಇಳಿಸಲಿಲ್ಲ, ಕಣ್ಣು ತೆರೆಯಲಿಲ್ಲ. ಭಟ್ಟರು, "ಹಾಗಾದರೆ ನಾಗ ಬಂದದ್ದಿಲ್ಲ," ಅಂದರು. ಇಲ್ಲ ಅಂದೆ. ಅವರು ಸರಿ ಅಂತ ಕುಳಿತು, ತಂದ ಹಾಲನ್ನು ಎರೆದು, ಶುರು ಮಾಡಿದ ಪೂಜೆಯನ್ನು ಪೂರ್ತಿ ಮಾಡಿದರು. ಎಲ್ಲರೂ ಪ್ರಸಾದ ತೆಗೆದುಕೊಂಡರು. ಬಾವನೂ ತೆಗೆದುಕೊಂಡರು. ಇಳಿಜಾರು ಹತ್ತುವಾಗ ಅಜ್ಜಿ ಒಂದೇ ಮಾತು ಆಡಿದಳು, ಯಾರಿಗೆ ಅಂತ ಹೇಳದೆ.

"ಇವಳು ಇಲ್ಲೇ ಇರ್ತಾಳೆ."

ಮಧ್ಯಾಹ್ನ ಬಾವನಿಗೆ ಊಟ ಬಡಿಸಿದರು. ಪಾಯಸ ಸಾಲದು ಅಂದದ್ದಕ್ಕೆ ಇನ್ನೊಂದು ಸೌಟು ಹಾಕಿದರು. ಅಮ್ಮ ನನ್ನನ್ನು ಒಳಗೆ ಕರೆದು, ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಬೊಬ್ಬೆ ಹಾಕಿದ್ದೆ, ನೀವು ನಕ್ಕದ್ದು ಅಂದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಆಮೇಲೆ ನನ್ನ ತಲೆ ಸವರಿ, ಬಾವನಿಗೆ ಕೈ ತೊಳೆಯಲು ನೀರು ಕೊಡಲು ಹೋದಳು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಲಿ? ನನ್ನ ಮಾತನ್ನು ನಂಬಿದರು, ಇಲ್ಲದಿದ್ದರೆ ನನ್ನನ್ನು ಕಳುಹಿಸುತ್ತಿದ್ದರು. ನಂಬಿಯೂ ಪಾಯಸ ಬಡಿಸಿದರು. ನನಗೆ ಅವತ್ತು ಆದದ್ದು ಬಿಡುಗಡೆಯ ಸಂತೋಷವೊಂದೇ. ಪೆಟ್ಟಿಗೆಯಿಂದ ನನ್ನ ಬಟ್ಟೆಗಳನ್ನು ನಾನೇ ಹೆಕ್ಕಿ ತೆಗೆದೆ, ನನ್ನ ಶಾಲೆ, ನನ್ನ ಗಣಿತದ ಟೀಚರು, ನನ್ನ ಬಸ್ಸು ಎಲ್ಲ ಉಳಿಯಿತು ಅಂತ ಕುಣಿಯಬೇಕೆನ್ನಿಸಿತ್ತು. ಪೆಟ್ಟಿಗೆಯಲ್ಲಿ ಅಕ್ಕನ ಬಟ್ಟೆಗಳು ಮಾತ್ರ ಉಳಿದವು.

ಅಕ್ಕನಿಗೆ ಯಾರು ಹೇಳಿದರೋ, ಎಷ್ಟು ಹೇಳಿದರೋ ಗೊತ್ತಿಲ್ಲ. ಸೋಮವಾರ ಬೆಳಗ್ಗೆ ಬಾವ ಅಂಗಳದಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಾಗ ನಾನು ಅವಳ ಕೋಣೆಗೆ ಹೋದೆ. ಮಂಚದ ಮೇಲೆ ಕುಳಿತು ಕೊನೆಯ ಸೀರೆಯನ್ನು ಮಡಚುತ್ತಿದ್ದಳು. ಕೋಪವಾ ಅಕ್ಕ ಅಂತ ಕೇಳಿದೆ. ಸೀರೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಬಹಳ ಮೆಲ್ಲಗೆ ಕೇಳಿದಳು.

"ನೀನು ಬೊಬ್ಬೆ ಹಾಕಿದಾಗ ಅವರು ಬಿಟ್ಟರಾ?"

"ಹೂಂ. ಕೂಡಲೇ ಬಿಟ್ಟರು."

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಏನೋ ಹೊಸದನ್ನು ಕೇಳಿಸಿಕೊಂಡ ಆಶ್ಚರ್ಯವಿತ್ತು.

"ಬಿಡ್ತಾರಾ ಹಾಗಾದರೆ," ಅಂದಳು.

ಪೆಟ್ಟಿಗೆ ಮುಚ್ಚಿದಳು. ನಾನು ಹದಿನಾಲ್ಕರವಳು, ಅವಳು ನನ್ನ ಬಗ್ಗೆಯೇ ಕೇಳಿದಳು ಅಂದುಕೊಂಡೆ. ಬೆಳ್ತಂಗಡಿ ಕಡೆಯ ಬಸ್ಸಿಗೆ ಹೊತ್ತಾಗಿತ್ತು. ಅಜ್ಜಿ, ಅಮ್ಮ, ನಾನು, ಮೂವರೂ ಅಂಗಳಕ್ಕೆ ಇಳಿದು ಅವಳನ್ನು ಅವರ ಜೊತೆ ಕಳುಹಿಸಿಕೊಟ್ಟೆವು.